ಹಂಗೇರಿ ಮೇಷ್ಟ್ರ ಓಕುಳಿ

"ನಿಮ್ಮನೇಲಿ ಒಂದು ಒಳ್ಳೇ ಬಕೆಟ್ ಇದೆಯಾ?" ಎಂದು ಮೂರನೇ ಮಹಡಿಯ ಹಂಗೇರಿಯವಳು ಬಂದು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಬೇರೆಯವರ ಮನೆಯಲ್ಲಿ ಇರಲಿ ಬಿಡಲಿ, ನಮ್ಮವರ ಬಚ್ಚಲಲ್ಲಿ ಬಕೆಟ್ಟು, ಮಗ್ಗು ಇಲ್ಲದೆ ಇರುತ್ತದೆಯೇ? ನಮ್ಮಲ್ಲಿ ಮೂರಿದ್ದವು. ಅದರಲ್ಲಿ ಒಂದು ಸ್ಟೀಲಿನದು, ನಾವು ಮೈಸೂರಿನಿಂದ ಹೊರಡುವಾಗ ಅತ್ತೆ ಉಪ್ಪಿನಕಾಯಿ, ಚಟ್ನಿಪುಡಿ ತುಂಬಿಸಿ ಕಳಿಸಿದ್ದು. ಅದನ್ನೇ ಕೊಟ್ಟೆ. ಅವಳು ತಿರುಗಿಸಿ ನೋಡಿ, ಬೆರಳಿನಿಂದ ಒಮ್ಮೆ ಬಡಿದು, "ಇದು ಸರಿ. ನನ್ನ ಹತ್ತಿರ ಇರೋದು ನೆಲ ಒರೆಸೋ ಬಕೆಟ್. ಅದನ್ನ ಅಪ್ಪ ಮುಟ್ಟಲ್ಲ" ಎಂದಳು.

ಇಷ್ಟು ಕೇಳಿ ಸುಮ್ಮನೆ ಬಾಗಿಲು ಹಾಕಿಕೊಳ್ಳುವ ಜಾಯಮಾನ ನನ್ನದಲ್ಲ. ಯಾರಾದರೂ ಅರ್ಧ ಮಾತಾಡಿ ನಿಲ್ಲಿಸಿದರೆ ಉಳಿದರ್ಧ ಕೇಳುವತನಕ ನನಗೆ ಅನ್ನ ಇಳಿಯುವುದಿಲ್ಲ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ. ಜೂಟರ್‌ಮೀರಿನ ಈ ಕಟ್ಟಡಕ್ಕೆ ನಾವು ಬಂದಾಗಿನಿಂದ ಅವಳು ನನ್ನ ಗೆಳತಿ. ಊರ ಹೊರಗಿನ ಗಾಜಿನ ಮನೆಗಳಲ್ಲಿ ಆರ್ಕಿಡ್ ಬೆಳೆಯುತ್ತಾರಲ್ಲ, ಅಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷ್, ಕಾಲು ಭಾಗ ಡಚ್, ಉಳಿದದ್ದು ಕೈಸನ್ನೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳು ಹೇಳಿದ್ದು ಇಷ್ಟು. ಈಸ್ಟರ್ ಭಾನುವಾರದ ಮರುದಿನ, ಸೋಮವಾರ ಬೆಳಗ್ಗೆ, ಅವಳ ಊರಿನ ಗಂಡಸರು ಹೆಂಗಸರ ಮೇಲೆ ನೀರು ಹಾಕುತ್ತಾರೆ. ಪಟ್ಟಣದವರು ನಾಲ್ಕು ಹನಿ ಸೆಂಟು ಚಿಮುಕಿಸಿ ಶಾಸ್ತ್ರ ಮುಗಿಸುತ್ತಾರಂತೆ; ಅವಳ ಹಳ್ಳಿಯಲ್ಲಿ ಬಾವಿಯ ನೀರು, ಬಕೆಟ್ಟುಗಟ್ಟಲೆ. ಆದರೆ ದಾರಿಯಲ್ಲಿ ಸಿಕ್ಕವರ ಮೇಲೆ ಎರಚುವಂತಿಲ್ಲ. ಹೆಣ್ಣಿನ ಮನೆಬಾಗಿಲಿಗೆ ಹೋಗಬೇಕು, ತಟ್ಟಬೇಕು, ನಾಲ್ಕು ಸಾಲಿನ ಪದ್ಯವೊಂದನ್ನು ಹೇಳಬೇಕು. ಕೊನೆಯ ಸಾಲಿನಲ್ಲಿ ನೀರು ಹಾಕಲೇ ಎಂದು ಕೇಳಬೇಕು. ಅವಳು ಹೂಂ ಎಂದ ಮೇಲೆಯೇ ಹಾಕಬೇಕು. ಒದ್ದೆಯಾದವಳು ಪ್ರತಿಯಾಗಿ ಕೆಂಪು ಬಣ್ಣದ ಮೊಟ್ಟೆಯೊಂದನ್ನು ಕೊಡುತ್ತಾಳೆ. ಎಲ್ಲವೂ ಹಗಲು ಹನ್ನೆರಡರೊಳಗೆ. ಹನ್ನೆರಡು ಹೊಡೆದ ಮೇಲೆ ಹಾಕಿದರೆ ಲೆಕ್ಕಕ್ಕಿಲ್ಲ. ವರ್ಷಕ್ಕೊಮ್ಮೆ ಹೀಗೆ ನೀರು ಬೀಳದ ಹೆಣ್ಣು ಬಾಡಿಹೋಗುತ್ತಾಳೆ ಎಂದು ಹಿಂದಿನವರ ನಂಬಿಕೆ.

"ಮೊದಲು ಯಾರು ಹಾಕೋದು?" ಎಂದೆ.

"ಅಪ್ಪ. ಹೊರಗಿನವರು ಬರೋ ಮುಂಚೆ, ಬೆಳಕು ಹರೀತಿದ್ದ ಹಾಗೆ, ಮಗಳ ಕೋಣೆ ಬಾಗಿಲು ತಟ್ಟಿ ಅಪ್ಪ ಹಾಕ್ತಾರೆ." ಅವಳು ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಮಾತಾಡುತ್ತಿದ್ದಳು. "ನಮ್ಮಪ್ಪ ನನ್ನ ಮೇಲೆ ನೀರು ಹಾಕಿ ಇಪ್ಪತ್ತೆರಡು ವರ್ಷ ಆಯ್ತು."

ಅವಳಿಗೆ ಆಗ ಹದಿನೆಂಟಂತೆ. ಏನೋ ಜಗಳ. ಏನೆಂದು ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅವಳು ಕಾಫಿ ಕುಡಿದಳು. ಆಮೇಲೆ ಮನೆ ಬಿಟ್ಟಳು, ದೇಶ ಬಿಟ್ಟಳು, ಅಪ್ಪ-ಮಗಳ ನಡುವೆ ಹುಟ್ಟುಹಬ್ಬಕ್ಕೊಂದು ಫೋನು ಮಾತ್ರ ಉಳಿಯಿತು. ತಂದೆ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಈ ಚಳಿಗಾಲದಲ್ಲಿ ಸೊಂಟದ ಆಪರೇಷನ್ ಆಗಿತ್ತು. ಊರಲ್ಲಿ ಒಬ್ಬರೇ ಈಸ್ಟರ್ ಮಾಡುವುದು ಬೇಡ, ಇಲ್ಲಿಗೆ ಬನ್ನಿ ಎಂದು ಇವಳು ಕರೆದಿದ್ದಳು. ಅವರು ಬರುತ್ತೇನೆ ಎಂದಿದ್ದರು.

"ಸೋಮವಾರ ನನ್ನ ಮನೇಲೇ ಇರ್ತಾರೆ. ಬಕೆಟ್ ಕಣ್ಣಿಗೆ ಬೀಳೋ ಹಾಗೆ ಇಟ್ಟಿರ್ತೀನಿ. ತಟ್ಟಿದರೆ ತಟ್ಟಲಿ, ಬಿಟ್ಟರೆ ಬಿಡಲಿ. ನಾನಾಗಿ ಮಾತ್ರ ಕೇಳಲ್ಲ" ಎಂದಳು. ನಲವತ್ತು ವರ್ಷದ ಹೆಂಗಸು, ಕೈಕೆಳಗೆ ಮೂವತ್ತು ಜನರನ್ನು ಕುಣಿಸುವವಳು, ಇಷ್ಟು ಹೇಳುವಾಗ ಅವಳ ಕಿವಿ ಕೆಂಪಾಗಿತ್ತು.

ಅವಳು ಹೋದದ್ದೇ ತಡ, ನಾನು ಅವ್ವನಿಗೆ ಫೋನ್ ಹಚ್ಚಿದೆ. ನನ್ನ ತವರು ಬಾಗಲಕೋಟೆ ಕಡೆ. ಅಲ್ಲಿ ಹನುಮಪ್ಪನ ಗುಡಿಯ ಮುಂದೆ ಓಕುಳಿ ಆಡುತ್ತಾರೆ. ಹೊಂಡಕ್ಕೆ ನೀರು ತುಂಬಿಸಿ, ಗಂಡಸರು ಮೊಗೆದು ಮೊಗೆದು ಎರಚುತ್ತಾರೆ. ಹೆಂಗಸರು ಹಸಿಬಟ್ಟೆ ಹುರಿಮಾಡಿ ಅವರ ಬೆನ್ನಿಗೆ ಬಾರಿಸುತ್ತಾರೆ. ನಮ್ಮ ಸೋದರತ್ತೆಯ ಏಟು ತಿಂದವರು ಮೂರು ದಿನ ಅಂಗಾತ ಮಲಗುತ್ತಿರಲಿಲ್ಲ. ಅಲ್ಲೂ ಒಂದು ಕಟ್ಟಳೆ ಉಂಟು. ಯಾರು ಯಾರಿಗೆ ಎರಚಬಹುದು ಎಂಬುದು ವಾವೆಯ ಮೇಲೆ ನಿಂತಿದೆ. ಮಾವನ ಮಗ, ಅತ್ತೆಯ ಮಗ, ಮೈದುನ ಆಗುವವರು ಎರಚಬಹುದು. ಅಣ್ಣತಮ್ಮ ಆಗುವವರು ದೂರ ನಿಲ್ಲಬೇಕು.

"ಅಪ್ಪ ಮಗಳ ಮ್ಯಾಲೆ ನೀರು ಹಾಕ್ತಾನ?" ಅವ್ವ ಆ ಕಡೆ ಬೆರಗಾದಳು. "ಯವ್ವಾ, ಅದೆಂಥಾ ವಾವಿ ಅವರದು? ಮತ್ತ ಆ ಹುಡುಗಿ ಹಸಿಬಟ್ಟಿಲೆ ಅಪ್ಪಗ ಹೊಡೀತಾಳನು?"

"ಇಲ್ಲವಾ, ತತ್ತಿ ಕೊಡ್ತಾಳಂತ."

"ನೀರು ಹಾಕಿಸ್ಕೊಂಡು ಮ್ಯಾಲೆ ತತ್ತಿ ಬ್ಯಾರೆ ಕೊಡ್ತಾಳ? ಭಾಳ ಒಳ್ಳೆ ಮಂದಿ ಬಿಡು" ಎಂದಳು ಅವ್ವ. ಆಮೇಲೆ ಒಂದು ಮಾತು ಸೇರಿಸಿದಳು: "ನೀರಾಗ ಸಿಟ್ಟು ಇರೂದಿಲ್ಲವಾ. ವರ್ಷಗಟ್ಟಲೆ ಮಾತು ಬಿಟ್ಟವರು ಓಕುಳಿ ಹೊಂಡದಾಗ ನಕ್ಕೊಂತ ಎದ್ದು ಬಂದಾರ."

ಈ ಮಾತೇ ನನ್ನ ತಲೆ ಕೆಡಿಸಿದ್ದು. ಇನ್ನು ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಯಲಿನಲ್ಲಿ ಏನೇ ಸಮಾರಂಭ ಮಾಡುವುದಿದ್ದರೂ ಇಲ್ಲಿ ಗೆಮೆಂಟೆಗೆ, ಅಂದರೆ ಪುರಸಭೆಗೆ, ಅರ್ಜಿ ಹಾಕಬೇಕು. ಆ ಅರ್ಜಿಯ ಸಾಫ್ಟ್‌ವೇರ್ ಬರೆಯುವ ಪುಟ್ಟ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ಎಷ್ಟು ಜನ, ಎಷ್ಟು ಗದ್ದಲ, ಬೆಂಕಿ ಉಂಟೇ, ನೀರು ಉಂಟೇ, ಗಾಯವಾದರೆ ಯಾರು ಎಂಬಂಥ ಪ್ರಶ್ನೆಗಳನ್ನು ದಿನವಿಡೀ ಒತ್ತಿ ಒತ್ತಿ ನೋಡುವುದೇ ಉದ್ಯೋಗ. ಚೀಸ್ ಹಬ್ಬ, ಹೆರಿಂಗ್ ಮೀನಿನ ಹಬ್ಬ, ಹಳೇ ಟ್ರ್ಯಾಕ್ಟರುಗಳ ಹಬ್ಬ ಎಲ್ಲವೂ ನನ್ನ ಪರದೆಯ ಮೇಲೆ ಹಾದುಹೋಗಿವೆ. ಆದರೆ ಈಸ್ಟರ್ ಸೋಮವಾರ ಮಾತ್ರ ಸಪ್ಪೆ. ಅಂದು ಈ ದೇಶಕ್ಕೆ ದೇಶವೇ ರಜೆ ಹಾಕಿ ಸೋಫಾ ಅಂಗಡಿಗೆ ಹೋಗುತ್ತದೆ. ಇದು ಗೇಲಿಯಲ್ಲ, ಪೀಠೋಪಕರಣದ ಮಳಿಗೆಗಳ ಮುಂದೆ ಅಂದು ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಇಂಥ ದಿನ ನಮ್ಮ ಕಟ್ಟಡದ ನಡುವಿನ ಹುಲ್ಲಂಗಳದಲ್ಲಿ ಒಂದು ನೀರೋಕುಳಿ ಆದರೆ ಹೇಗೆ? ಎಲ್ಲರೂ ನೀರಾಡುವಾಗ ಮೇಷ್ಟ್ರ ಮನಸ್ಸೂ ಸಡಿಲವಾಗುತ್ತದೆ, ಮಗಳ ಮೇಲೂ ಒಂದು ಬಕೆಟ್ ಬೀಳುತ್ತದೆ, ಇಪ್ಪತ್ತೆರಡು ವರ್ಷದ ಜಗಳ ಹರಿದುಹೋಗುತ್ತದೆ ಎಂದು ನಾನು ಎಣಿಸಿದೆ.

"ಅವಳು ಕೇಳಿದ್ದು ಬಕೆಟ್ ಕಣೇ," ಎಂದ ನನ್ನ ಗಂಡ. ಮೈಸೂರಿನವನು, ತರಾತುರಿ ಎಂಬುದೇ ಗೊತ್ತಿಲ್ಲ. "ನೀನು ಕೊಡ್ತಾ ಇರೋದು ದಸರಾ."

ಗೆಳತಿಗೂ ಹೇಳಿದೆ. ಕದ್ದು ಮುಚ್ಚಿ ಮಾಡಿದೆ ಎಂದು ಯಾರೂ ಹೇಳುವಂತಿಲ್ಲ. ಅವಳು ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದವಳು ಒಂದು ಕ್ಷಣ ನಿಂತಳು. "ಅಪ್ಪನಿಗೆ ಖುಷಿಯಾಗುತ್ತೆ. ಅವರಿಗೆ ಜನ ಬೇಕು" ಎಂದು ಹೇಳಿ ಮತ್ತೆ ನಲ್ಲಿ ತಿರುಗಿಸಿದಳು. ನಾನು ಖುಷಿ ಎಂಬ ಪದವೊಂದನ್ನೇ ಕೇಳಿಸಿಕೊಂಡು ಕೆಳಗಿಳಿದೆ.

ಅರ್ಜಿ ಸಣ್ಣದಾಗಿತ್ತು, ಒಪ್ಪಿಗೆ ಬೇಗ ಸಿಕ್ಕಿತು. ನಿವಾಸಿಗಳ ಸಮಿತಿಯ ಕಾರ್ಯದರ್ಶಿ, ನಿವೃತ್ತ ಡಚ್ ಗೃಹಸ್ಥರು, ಒಂದೇ ಷರತ್ತು ಹಾಕಿದರು. ಒದ್ದೆಯಾಗಲು ಒಪ್ಪಿದವರು ಕೈಗೆ ನೀಲಿ ಕಾಗದದ ಪಟ್ಟಿ ಕಟ್ಟಿಕೊಳ್ಳಬೇಕು, ಪಟ್ಟಿ ಇಲ್ಲದವರ ಮೇಲೆ ಹನಿಯೂ ಬೀಳಕೂಡದು. ಒಪ್ಪಿಗೆಪತ್ರದ ಒಂದಿಡೀ ಪುಟವನ್ನು ನಾನೇ ಬರೆದುಕೊಟ್ಟೆ. ಹಂಗೇರಿಯ ಹಳ್ಳಿಗರು ಇದೇ ಕೆಲಸವನ್ನು ಪದ್ಯದ ಕೊನೆಯ ಸಾಲಿನಲ್ಲಿ ಎಂದೋ ಮುಗಿಸಿದ್ದಾರಲ್ಲ ಎಂದು ಬರೆಯುವಾಗ ಆಶ್ಚರ್ಯವಾಯಿತು. ಮೊಟ್ಟೆಗಳನ್ನು ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿದರೆ ಕೆಂಪಾಗುತ್ತವೆ ಎಂದು ಗೆಳತಿ ಹೇಳಿದ್ದಳು. ಮೊಟ್ಟೆಯೇ ಬಾರದ ನಮ್ಮ ಅಡುಗೆಮನೆಯಲ್ಲಿ ನಲವತ್ತು ಮೊಟ್ಟೆ ಕುದಿದವು. ಗಂಡ ಕಿಟಕಿಗಳನ್ನೆಲ್ಲ ತೆರೆದಿಟ್ಟು, "ಅಮ್ಮ ವಿಡಿಯೋ ಕಾಲ್ ಮಾಡಿದರೆ ನಾನು ಎತ್ತಲ್ಲ" ಎಂದ.

ಮೇಷ್ಟ್ರು ಶುಕ್ರವಾರ ಬಂದರು. ಎತ್ತರದ ಆಳು, ಬಿಳಿ ಮೀಸೆ, ಕೈಯಲ್ಲಿ ಕೋಲು. ಇಂಗ್ಲಿಷನ್ನು ಪ್ರವಾಸಿಗರಿಂದ ಕಲಿತವರು. ಹಾಗಾಗಿ ಉಪ್ಪು ಕೇಳುವಾಗಲೂ ಬಸ್ಸಿನ ಮುಂದೆ ನಿಂತು ವಿವರಿಸುವ ಗೈಡಿನ ಧಾಟಿ. ತಮ್ಮ ಹಳ್ಳಿಯ ಈಸ್ಟರನ್ನು ಪ್ರವಾಸಿಗರ ಹಬ್ಬವಾಗಿ ಕಟ್ಟಿದವರು ಅವರೇ ಎಂದು ಆಗ ಗೊತ್ತಾಯಿತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದರು, ಮನೆಗಳಿಗೆ ಬೀಗ ಬೀಳುತ್ತಿತ್ತು. ಇವರು ಹಳೆಯ ಲಂಗ-ರವಿಕೆಗಳನ್ನು ಪೆಟ್ಟಿಗೆಯಿಂದ ತೆಗೆಸಿ, ಬಾವಿಕಟ್ಟೆಯ ಬಳಿ ನೀರಾಟವನ್ನು ಪ್ರದರ್ಶನಕ್ಕೆ ಇಟ್ಟರು. ಈಗ ಅಲ್ಲಿ ವಸತಿಗೃಹಗಳಿವೆ, ಬೇಕರಿ ಇದೆ, ಶಾಲೆಯೂ ಉಳಿದಿದೆ. ಈ ವರ್ಷ ಸೊಂಟ ಕೈಕೊಟ್ಟಿದ್ದರಿಂದ ಉಸ್ತುವಾರಿ ಬೇರೆಯವರ ಪಾಲಾಗಿತ್ತು. ಅದೇ ಅವರ ಕೊರಗು.

ನಮ್ಮ ಅಂಗಳದ ಸುದ್ದಿ ಕೇಳಿದ್ದೇ ಅವರ ಬೆನ್ನು ನೆಟ್ಟಗಾಯಿತು. "ಎಷ್ಟು ಜನ ನಿರೀಕ್ಷೆ?" ಎಂಬುದು ಮೊದಲ ಪ್ರಶ್ನೆ. ಶನಿವಾರ ಕೋಲೂರಿಕೊಂಡು ಅಂಗಳ ಸುತ್ತಿದರು. ಬಿಸಿಲು ಎಲ್ಲಿಂದ ಬರುತ್ತದೆ, ಫೋಟೋ ತೆಗೆಯುವವರು ಎಲ್ಲಿ ನಿಲ್ಲಬೇಕು, ನೀರು ಹಾಕುವವನ ಮುಖ ಕಾಣಬೇಕೋ ಬೆನ್ನೋ ಎಲ್ಲ ತೀರ್ಮಾನವಾಯಿತು. ನಾನು ಬಾಲದ ಹಾಗೆ ಹಿಂದೆ ತಿರುಗುತ್ತ ಬರೆದುಕೊಂಡೆ. ನಮ್ಮ ಕಡೆಯ ಬಣ್ಣದಾಟ, ಓಕುಳಿ ನೋಡಲೂ ಈಗ ಹೊರಗಿನವರು ಬರತೊಡಗಿದ್ದಾರೆ; ಅದನ್ನು ಹೇಗೆ ನಡೆಸಬೇಕೆಂದು ತಿಳಿದವರು ಯಾರೂ ಇಲ್ಲ. ಇವರ ಹತ್ತಿರ ಕೇಳುವುದು ಎಷ್ಟಿತ್ತು. ಅವರೂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಅವರ ಮಗಳು ಮೇಲೆ, ಮನೆಬಾಗಿಲುಗಳ ಮುಂದೆ ಉದ್ದಕ್ಕೆ ಹೋಗುವ ತೆರೆದ ಗ್ಯಾಲರಿಯಲ್ಲಿ, ಬಟ್ಟೆ ಒಣಹಾಕುತ್ತ ಒಮ್ಮೆ ಬಗ್ಗಿ ನೋಡಿದಳು, ಆಮೇಲೆ ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಆರೂವರೆಗೆ ನಾನು ಅವರ ಬಾಗಿಲು ತಟ್ಟಿದೆ. ಹತ್ತಕ್ಕೆ ಕಾರ್ಯಕ್ರಮ, ಅಷ್ಟರಲ್ಲಿ ಒಂದು ರಿಹರ್ಸಲ್ ಆಗಲಿ ಎಂದು. ಒಳಗೆ ಓಡಿಬಂದ ಸದ್ದಾಯಿತು. ಗೆಳತಿ ಬಾಗಿಲು ತೆರೆದಳು. ಮಾಸಿದ ಹತ್ತಿಯ ಉಡುಪು, ಬರಿಗಾಲು, ಬಿಚ್ಚಿದ ಕೂದಲು. ನನ್ನನ್ನು ನೋಡಿ ಅವಳ ಮುಖ ಇಳಿಯಿತು. ಇನ್ನೂ ಸ್ನಾನವಾಗಿಲ್ಲವೇನೋ, ಹೊತ್ತಲ್ಲದ ಹೊತ್ತಿನಲ್ಲಿ ಬಂದೆ ಎಂದು ಬೇಸರವೇನೋ ಅಂದುಕೊಂಡೆ. ಪಡಸಾಲೆಯಲ್ಲಿ ನನ್ನ ಸ್ಟೀಲ್ ಬಕೆಟ್ ತುಂಬಿ ನಿಂತಿತ್ತು. "ಅಯ್ಯೋ, ಇದೂ ಬೇಕು. ಕೆಳಗೆ ಒಂದು ಕಡಿಮೆ ಬಿದ್ದಿದೆ" ಎಂದು ನೀರನ್ನು ಅವಳ ಬಚ್ಚಲಿಗೇ ಚೆಲ್ಲಿ ಬಕೆಟ್ ಎತ್ತಿಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಮೀಸೆ ತೀಡುತ್ತ ಕೋಣೆಯಿಂದ ಹೊರಬಂದರು. ಅವರನ್ನು ಕರೆದುಕೊಂಡು ಲಿಫ್ಟ್ ಹತ್ತಿದೆ. ಬರೆಯುತ್ತಿರುವ ಈ ಹೊತ್ತಿಗೂ ಇದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಕಾರ್ಯಕ್ರಮ ಮಾತ್ರ ಭರ್ಜರಿಯಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಒಂಬತ್ತು ಡಿಗ್ರಿ ಚಳಿ, ಕೊರೆಯುವ ಗಾಳಿ, ಆದರೂ ಅರವತ್ತು ಎಪ್ಪತ್ತು ಜನ. ಲೈಡನ್ನಿನಲ್ಲಿ ಸಂಶೋಧನೆ ಮಾಡುವ ಹಾವೇರಿ ಕಡೆಯ ಹುಡುಗಿಯೊಬ್ಬಳು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಫೋಟೋಗೆ ಚೆಂದ ಎಂದು ನಾನೇ ಉಡಿಸಿದ್ದು. ಕನ್ನಡಿಗರ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಸ್ವಾಗತ ಭಾಷಣ ನನ್ನದೇ. ಪ್ರಾಸ್ತಾವಿಕ ನುಡಿಯೂ ನನ್ನದೇ. ಆಮೇಲೆ ಮುಖ್ಯ ಅತಿಥಿಗಳಿಗೆ ಸನ್ಮಾನ. ಮೇಷ್ಟ್ರನ್ನು ತೋಟದ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ಡಚ್ಚರು ಇದೂ ಹಂಗೇರಿಯ ಪದ್ಧತಿಯೇ ಎಂದು ತಿಳಿದು ಭಕ್ತಿಯಿಂದ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕಣ್ಣಲ್ಲಿ ನೀರು.

ನಂತರ ಅವರು ಎದ್ದು ನಿಂತು ಆ ಪದ್ಯವನ್ನು ಹೇಳಿದರು. ಏನು ಕಂಠ ಅಂತೀರಿ. ನಾಲ್ಕೂ ಮಹಡಿಗಳ ಗ್ಯಾಲರಿಗೆ ಮುಟ್ಟುವಂಥದು. ಹಾವೇರಿ ಹುಡುಗಿ ನಾನು ಹೇಳಿಕೊಟ್ಟಂತೆ ಹೂಂ ಅಂದಳು. ಬಕೆಟ್ ಬಿತ್ತು, ಅವಳು ಕಿರುಚಿದಳು, ಮೊಟ್ಟೆ ಕೊಟ್ಟಳು. ಅಲ್ಲಿಂದ ಎಲ್ಲರದೂ ಶುರು. ಚಡ್ಡಿ ತೊಟ್ಟ ಡಚ್ ಗಂಡಸರು ತಮ್ಮ ಹೆಂಡಿರ ಮುಂದೆ ನಿಂತು ಪದ್ಯ ತೊದಲಿದರು. ನನ್ನ ಗಂಡನೂ ಒಂದು ಚೊಂಬು ತಂದು ನನ್ನ ತಲೆಗೆ ಸುರಿದ; ಮದುವೆಯಾದ ಮೇಲೆ ಅವನು ಅನುಮತಿ ಕೇಳಿದ್ದು ಅದೇ ಮೊದಲು. ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದರು. "ಟುಲಿಪ್ ನೋಡೋಕೆ ಬರೋರು ಇದೇ ತಿಂಗಳಲ್ಲಿ ಅಲ್ಲವೇ ಬರೋದು? ಬೆಳಗ್ಗೆ ಹೂವು, ಮಧ್ಯಾಹ್ನ ನೀರು. ಮುಂದಿನ ವರ್ಷ ಸಾಲಾಗಿ ಬಸ್ಸುಗಳನ್ನ ಇಲ್ಲಿಗೇ ತಿರುಗಿಸಬಹುದು" ಎಂದರು. ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು.

ನಡುನಡುವೆ ಮೂರನೇ ಮಹಡಿಯತ್ತ ನೋಡುತ್ತಿದ್ದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಇಳಿದು ಬರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಬಾಗಿಲು ತೆರೆಯಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಬಡಾವಣೆಯ ವಾರಪತ್ರಿಕೆಯ ಫೋಟೋಗ್ರಾಫರ್ ಬಂದಳು. ಸೈಕಲ್ ಪಂಕ್ಚರಂತೆ. ಆಗಲೇ ಅರ್ಧ ಜನ ಒಳಗೆ ಹೋಗಿ ಬಟ್ಟೆ ಬದಲಿಸುತ್ತಿದ್ದರು. "ಮೊದಲನೇ ಬಕೆಟ್ ಬಿದ್ದದ್ದು ಇನ್ನೊಂದು ಸಲ ಮಾಡ್ತೀರಾ? ಅದೇ ಸೀರೆ ಹುಡುಗಿ, ಅದೇ ತಾತ" ಎಂದಳು. ಹುಡುಗಿ ಟವೆಲ್ ಸುತ್ತಿಕೊಂಡು ಚಳಿಗೆ ಹಲ್ಲು ಕಟಕಟಿಸುತ್ತಿದ್ದಳು. "ಅಕ್ಕಾರ, ಇನ್ನೊಂದು ಸಲ ಅಂದ್ರ ನಾ ಸತ್ತ ಹೋಗ್ತೀನ್ರಿ" ಎಂದು ನನ್ನ ಕಿವಿಯಲ್ಲಿ ಅಂದಳು. ನಾನು, ಎಂಥ ಮನುಷ್ಯಳೋ ಏನೋ, "ಒಂದೇ ಒಂದು ಸಲ, ತಂಗಿ" ಎಂದೆ.

ಮೇಷ್ಟ್ರು ಆಗಲೇ ನಲ್ಲಿಗೆ ಬಕೆಟ್ ಹಿಡಿದಿದ್ದರು. "ಇದೇನು ಮಹಾ," ಎಂದರು ಉತ್ಸಾಹದಿಂದ. "ನಮ್ಮೂರಿನಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಏಳು ಬಸ್ಸು. ಪ್ರತಿ ಬಸ್ಸಿಗೂ ಒಂದು ಪ್ರದರ್ಶನ. ಶುರುವಿನ ವರ್ಷಗಳಲ್ಲಿ ಲಂಗ ಹಾಕಲು ಯಾವ ಹುಡುಗಿಯೂ ಒಪ್ಪಲಿಲ್ಲ. ನನ್ನ ಮಗಳನ್ನೇ ನಿಲ್ಲಿಸಿದೆ. ಅವಳಷ್ಟು ಚೆನ್ನಾಗಿ ಯಾರೂ ಮಾಡಿಲ್ಲ. ಒಣಗಿದ ಲಂಗ ಹಾಕ್ಕೊಂಡು ಬರ್ತಾಳೆ, ಒದ್ದೆಯಾಗ್ತಾಳೆ, ನಗ್ತಾಳೆ, ಒಳಗೆ ಹೋಗ್ತಾಳೆ. ಆದರೆ ಒಂದು ವರ್ಷ ಮೂರನೇ ಬಸ್ಸಿಗೆ ಹೊರಗೇ ಬರಲಿಲ್ಲ. ಒಳಗಿಂದ ಬೋಲ್ಟ್ ಹಾಕಿಕೊಂಡಳು. ಐವತ್ತು ಜನ ವಿದೇಶೀಯರ ಮುಂದೆ ನಾನು ಖಾಲಿ ಬಾವಿಕಟ್ಟೆಯ ಹತ್ತಿರ ಬಕೆಟ್ ಹಿಡಿದು ನಿಂತೆ. ಆ ಅವಮಾನ ನನಗೆ ಇವತ್ತಿಗೂ ಹೋಗಿಲ್ಲ."

"ಅವತ್ತು ಬೆಳಗ್ಗೆ ಮನೇಲಿ ಅವಳ ಬಾಗಿಲು ತಟ್ಟಿದ್ದಿರಾ?" ಎಂದು ಕೇಳಿದೆ. ನನ್ನ ಕೆಟ್ಟ ಚಾಳಿಯೇ ಇದು, ನಡುವೆ ಬಾಯಿ ಹಾಕುವುದು.

"ಎಲ್ಲಿ ಸಮಯ? ಮೊದಲ ಬಸ್ಸು ಎಂಟಕ್ಕೆ ಬರ್ತಿತ್ತು" ಎಂದರು. "ಮರು ವರ್ಷ ಅವಳೇ ಇರಲಿಲ್ಲ."

ನನ್ನ ಮೈಮೇಲೆ ಅಷ್ಟು ಹೊತ್ತಿನಿಂದ ಇದ್ದ ನೀರು ಆಗ ತಣ್ಣಗೆ ಕೊರೆಯಿತು. ಬೆಳಗಿನ ಆ ಹತ್ತಿಯ ಉಡುಪು, ಬರಿಗಾಲು, ಓಡಿಬಂದ ಸದ್ದು ಎಲ್ಲ ಒಟ್ಟಿಗೆ ತಿಳಿಯಿತು. ಅವಳು ಮಾಸಿದ ಬಟ್ಟೆ ಉಟ್ಟದ್ದು ಒದ್ದೆಯಾಗಲಿಕ್ಕೆ. ಬೆಳಕು ಹರಿಯುವಾಗ ಕೇಳಿಸಬೇಕಾಗಿದ್ದ ಒಂದು ಸದ್ದಿಗಾಗಿ ಕಾಯುತ್ತಿದ್ದವಳ ಬಾಗಿಲು ತಟ್ಟಿದ್ದು ನಾನು. ತುಂಬಿಸಿಟ್ಟ ನೀರು ಚೆಲ್ಲಿದವಳೂ ನಾನು. ಅಪ್ಪನನ್ನು ಮತ್ತೆ ಬಸ್ಸಿನ ಮುಂದೆ ನಿಲ್ಲಿಸಿ, ಶಾಲು ಬೇರೆ ಹೊದಿಸಿದ್ದೆ. ಗಡಿಯಾರ ನೋಡಿದೆ. ಹನ್ನೆರಡಕ್ಕೆ ಹದಿನೆಂಟು ನಿಮಿಷ ಇತ್ತು.

ಫೋಟೋಗ್ರಾಫರ್ ಮಂಡಿಯೂರಿ ಕ್ಯಾಮೆರಾ ಹೊಂದಿಸುತ್ತಿದ್ದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನಾನು ಅವರ ಮುಂದೆ ಹೋಗಿ ನಿಂತೆ.

"ಮೇಷ್ಟ್ರೇ, ನಿಮ್ಮ ತಾತನ ಕಾಲದಲ್ಲಿ ಹೆಣ್ಣುಮಗಳು ಬಂದು ಗಂಡಸಿನ ಮುಂದೆ ನಿಲ್ತಿದ್ದಳಾ? ಇಲ್ಲಾ ಅವನೇ ಬಾಗಿಲಿಗೆ ಹೋಗ್ತಿದ್ದನಾ?"

"ಬಾಗಿಲಿಗೆ ಹೋಗಬೇಕು," ಎಂದರು ತಕ್ಷಣ, ಪಾಠ ಮಾಡುವವರ ಹಾಗೆ. "ಹೋಗಬೇಕು, ತಟ್ಟಬೇಕು, ಕೇಳಬೇಕು. ಅವಳು ಒಪ್ಪಿದರೆ..."

ಬಕೆಟ್ಟಿನ ಹಿಡಿಯಿಂದ ಕೈ ತೆಗೆದರು.

"ಅವಳು ಬೆಳಗ್ಗೆ ಐದಕ್ಕೇ ಎದ್ದು ನೀರು ತುಂಬಿಸಿ ಇಟ್ಟಿದ್ದಳು ಅನ್ಸುತ್ತೆ," ಎಂದೆ. "ಅದನ್ನ ಚೆಲ್ಲಿದ್ದು ನಾನು. ತಾನಾಗಿ ಕೇಳಲ್ಲ ಅಂತ ಹಟ ಹಿಡಿದಿದಾಳೆ. ಇದನ್ನ ಹೇಳಿಬಿಟ್ಟೆ ಅಂತ ಗೊತ್ತಾದರೆ ನನ್ನ ಜೊತೆ ಮಾತು ಬಿಡ್ತಾಳೆ. ಬಿಡಲಿ."

ಅವರು ತಲೆ ಎತ್ತಿ ಮೂರನೇ ಮಹಡಿ ನೋಡಿದರು. ಆಮೇಲೆ ಕುತ್ತಿಗೆಯಿಂದ ಶಾಲು ತೆಗೆದು, ಪೇಟ ತೆಗೆದು, ಎರಡನ್ನೂ ಕುರ್ಚಿಯ ಮೇಲಿಟ್ಟರು. ಬೋಳುತಲೆಯಲ್ಲಿ ಅವರು ಇದ್ದಕ್ಕಿದ್ದಂತೆ ಮುದುಕರಾಗಿ ಕಂಡರು. "ಲಿಫ್ಟ್" ಎಂದರು ನನಗೆ. ತುಂಬಿದ ಬಕೆಟ್ ಹೊತ್ತು ಅಷ್ಟು ದೂರ ನಡೆಯಲು ಅವರ ಸೊಂಟಕ್ಕೆ ಆಗುತ್ತಿರಲಿಲ್ಲ. ನಾನು ಎತ್ತಿಕೊಂಡೆ. ಹಿಂದಿನಿಂದ ಫೋಟೋಗ್ರಾಫರ್ ಏನೋ ಕೂಗಿದಳು, ಐದು ನಿಮಿಷ ಎಂದು ತಿರುಗಿ ಕೂಗಿದೆ.

ಲಿಫ್ಟಿನಲ್ಲಿ ಅವರು ತುಟಿಯೊಳಗೇ ಪದ್ಯ ಹೇಳಿಕೊಳ್ಳುತ್ತಿದ್ದರು. ಬೆಳಗ್ಗೆಯಿಂದ ಹತ್ತು ಸಲ ಹೇಳಿದ್ದನ್ನು ಎಲ್ಲಿ ಮರೆತುಬಿಡುತ್ತೇನೋ ಎಂಬ ಹೆದರಿಕೆ ಅವರ ಮುಖದಲ್ಲಿತ್ತು.

ಬಾಗಿಲ ಮುಂದೆ ನಿಂತು ಬಟ್ಟೆ ಸರಿಮಾಡಿಕೊಂಡರು. ತಟ್ಟಿದರು. ಒಳಗಿಂದ ಸದ್ದಿಲ್ಲ. ಇನ್ನೊಮ್ಮೆ ತಟ್ಟಿದರು. ಬಾಗಿಲು ತೆರೆಯಿತು. ಅವಳು ಇನ್ನೂ ಅದೇ ಮಾಸಿದ ಹತ್ತಿಯ ಉಡುಪಿನಲ್ಲೇ ಇದ್ದಳು. ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು, ನನ್ನ ಕೈಯನ್ನು. ಬೆಳಗ್ಗೆಯಿಂದ ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದ ಫೋನು ಒಂದು ಕೈಯಲ್ಲಿ ಹಾಗೇ ಇತ್ತು, ನನಗೇ ಅರಿವಿರಲಿಲ್ಲ.

"ನೀನು ಹೋಗು" ಎಂದಳು.

ಬಕೆಟ್ ಕೆಳಗಿಟ್ಟು ಹೊರಟೆ. ಲಿಫ್ಟಿಗೆ ಕಾಯುವ ಧೈರ್ಯವಿಲ್ಲದೆ ಮೆಟ್ಟಿಲ ಕಡೆ ನಡೆದೆ. ಆದರೂ ಮೂರು ಮೆಟ್ಟಿಲು ಇಳಿದವಳು ನಿಂತೆ. ಕಿವಿ ನನ್ನ ಮಾತು ಕೇಳಬೇಕಲ್ಲ. ಮೇಷ್ಟ್ರು ಪದ್ಯ ಶುರು ಮಾಡಿದರು. ಅಂಗಳದಲ್ಲಿ ಹೇಳಿದ್ದ ಅದೇ ದೊಡ್ಡ ಕಂಠ. ಗ್ಯಾಲರಿಯುದ್ದಕ್ಕೂ ಮೊಳಗಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮಗಳು ಏನೋ ಒಂದು ಮಾತು ಅಂದಳು. ಒಂದೇ ಪದ. ಅವರು ನಿಲ್ಲಿಸಿದರು. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದರು, ಈ ಸಲ ಎಷ್ಟು ಮೆಲ್ಲಗೆಂದರೆ ಮೂರು ಮೆಟ್ಟಿಲ ದೂರದಲ್ಲಿದ್ದ ನನಗೆ ದನಿ ಮಾತ್ರ ಗೊತ್ತಾಗುತ್ತಿತ್ತು, ಮಾತು ಗೊತ್ತಾಗುತ್ತಿರಲಿಲ್ಲ. ನಡುವೆ ಎಲ್ಲೋ ದನಿ ಒಡೆಯಿತು. ನಾನು ಉಳಿದ ಮೆಟ್ಟಿಲುಗಳನ್ನು ಸರಸರ ಇಳಿದುಬಿಟ್ಟೆ.

ಕೆಳಗೆ ಹಾವೇರಿ ಹುಡುಗಿಗೆ, "ಹೋಗವಾ, ಬಟ್ಟೆ ಬದಲಿಸು, ಆಟ ಮುಗೀತು" ಎಂದೆ. ಫೋಟೋಗ್ರಾಫರ್ ಸಿಟ್ಟಾದಳು. ಕೆಂಪು ಮೊಟ್ಟೆಗಳ ಬುಟ್ಟಿಯ ಫೋಟೋ ತೆಗೆದುಕೋ, ಅದೇ ಸಾಕು ಎಂದೆ. ಅವಳು ಗೊಣಗುತ್ತ ಬಗ್ಗಿದವಳು ತಟ್ಟನೆ ತಲೆ ಒರೆಸಿಕೊಂಡು ಮೇಲೆ ನೋಡಿದಳು. ಮೂರನೇ ಮಹಡಿಯ ಗ್ಯಾಲರಿಯ ಅಂಚಿನಿಂದ ನೀರು ಸಾಲಾಗಿ ತೊಟ್ಟಿಕ್ಕುತ್ತಿತ್ತು.

"ಅಲ್ಲೂ ನಿಮ್ಮ ಹಬ್ಬ ನಡೀತಿದೆಯಾ?" ಎಂದು ಕ್ಯಾಮೆರಾ ಎತ್ತಿದಳು.

"ಇಲ್ಲ," ಎಂದೆ. "ಯಾರೋ ಗ್ಯಾಲರಿ ತೊಳೀತಿರಬೇಕು."